ಅತ್ತೆಯ ಹೆಪ್ಪಿಗೆ ನಾನು ಹಾಕಿದ ಕ್ಯಾಪ್ಸೂಲು

ಹಾಲಿಗೆ ಹೆಪ್ಪು ಹಾಕುವುದು ಅಂಥ ಘನಂದಾರಿ ಕೆಲಸವೇನಲ್ಲ. ಹಾಲು ಕಾಯಿಸಬೇಕು, ಆರಿಸಬೇಕು, ಒಂದು ಚಮಚ ಹಳೇ ಮೊಸರು ಬೆರೆಸಿ ಮುಚ್ಚಿಡಬೇಕು. ಮಿಕ್ಕಿದ್ದನ್ನು ಬ್ಯಾಕ್ಟೀರಿಯಾಗಳೇ ನೋಡಿಕೊಳ್ಳುತ್ತವೆ. ಅವಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿಯ ಕಾಟವಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡಿರುವ ನನಗೆ ಇಂಥ ಕೆಲಸಗಾರರ ಮೇಲೆ ಗೌರವ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿದೆ? ಆ ಗೌರವವೇ ನನ್ನನ್ನು ಹಾಳು ಮಾಡಿತು!

ನನ್ನ ಮನೆ ಗುಂಡ್ಲುಪೇಟೆಯಲ್ಲಿ, ಕಚೇರಿ ಚಾಮರಾಜನಗರದಲ್ಲಿ. ನಡುವೆ ಸಿಗುವ ತೆರಕಣಾಂಬಿ ನನ್ನ ಹೆಂಡತಿ ಮಂಜುಳಳ ತವರು. ಹೀಗಾಗಿ ದಿನವೂ ಎರಡು ಹೊತ್ತು ಮಾವನ ಮನೆಯ ಮುಂದೆ ಬಸ್ಸಿನಲ್ಲಿ ಹಾದುಹೋಗುವ ಭಾಗ್ಯ ನನ್ನದು. ಕಳೆದ ಶ್ರಾವಣದಲ್ಲಿ ನನ್ನ ದವಡೆ ಹಲ್ಲಿನ ವಸಡು ಊದಿಕೊಂಡಿತು. ಹಲ್ಲಿನ ಡಾಕ್ಟರು ಬಲವಾದ ಮಾತ್ರೆ ಬರೆದುಕೊಟ್ಟರು. ಹಲ್ಲು ಸರಿಹೋಯಿತು, ಹೊಟ್ಟೆ ಕೆಟ್ಟಿತು. ಎಷ್ಟು ಕೆಟ್ಟಿತೆಂದರೆ ಒಂದು ಬೆಳಿಗ್ಗೆ ಓಡುವ ಬಸ್ಸಿನಲ್ಲಿ ಕಂಡಕ್ಟರನ ಎರಡೂ ಕೈ ಹಿಡಿದುಕೊಂಡು, "ನಿಲ್ಸಪ್ಪಾ, ನಿನ್ ಹೆಸರಲ್ಲಿ ದೀಪ ಹಚ್ತೀನಿ!" ಎಂದು ಬೇಡಿಕೊಂಡೆ. ಬಸ್ಸು ಬಾಳೆತೋಟದ ಪಕ್ಕ ನಿಂತಿತು. ಮುಂದಿನದನ್ನು ನಾನು ಹೇಳುವುದಿಲ್ಲ.

ಚಾಮರಾಜನಗರದ ಇನ್ನೊಬ್ಬ ಡಾಕ್ಟರು ನನ್ನ ಹೊಟ್ಟೆಯನ್ನು ಒತ್ತಿ ನೋಡಿ ಸಮಾಧಾನವಾಗಿ ಹೇಳಿದರು.

"ನೋಡಿ, ಕರುಳಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಕೋಟ್ಯಂತರ ಇರ್ತವೆ. ಅನ್ನ ಅರಗಿಸೋದಕ್ಕೆ, ಕೆಟ್ಟವನ್ನ ದೂರ ಇಡೋದಕ್ಕೆ ಅವೇ ಬೇಕು. ನೀವು ನುಂಗಿದ ಮಾತ್ರೆ ಕೆಟ್ಟವರ ಜೊತೆಗೆ ಒಳ್ಳೆಯವರನ್ನೂ ಹೊಡೆದುಹಾಕಿದೆ. ಈ ಪ್ರೋಬಯಾಟಿಕ್ ಕ್ಯಾಪ್ಸೂಲ್ ಸ್ವಲ್ಪ ದಿನ ತಗೊಳ್ಳಿ. ಮನೆ ಮೊಸರು ತಿನ್ನಿ."

ನಾನು ದಂಗಾಗಿ ಕುಳಿತುಬಿಟ್ಟೆ. ನನ್ನೊಳಗೆ ಕೋಟ್ಯಂತರ ಜನ! ಕಚೇರಿಯಲ್ಲಿ ಜವಾನನೂ ನನ್ನ ಮಾತಿಗೆ ತಿರುಗಿ ನೋಡುವುದಿಲ್ಲ. ಇಲ್ಲಿ ನೋಡಿದರೆ ನಾನೊಂದು ರಾಜ್ಯ, ಅದರ ದೊರೆ ನಾನೇ. ಕ್ಯಾಪ್ಸೂಲು ನುಂಗಿದೆ, ಮೊಸರನ್ನ ತಿಂದೆ, ಹೊಟ್ಟೆ ಹದಕ್ಕೆ ಬಂತು. ಅಂದಿನಿಂದ ನಾನು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದೇ ಇಲ್ಲ. ಮೊಬೈಲಿನಲ್ಲಿ ವೀಡಿಯೊ ನೋಡುವುದು, ಪಕ್ಕದವರಿಗೆ ಕರುಳಿನ ಬಗ್ಗೆ ಉಪನ್ಯಾಸ ಕೊಡುವುದು. ಪಕ್ಕದವರು ಎದ್ದು ಹೋದರೆ ಹಿಂದಿನವರಿಗೆ ಕೊಡುವುದು. ಒಂದು ದಿನ ಆ ಕಂಡಕ್ಟರನೇ ತಡೆಯಲಾರದೆ, "ಸಾ, ಇರೋ ಜನಕ್ಕೇ ಸೀಟಿಲ್ಲ. ನಿಮ್ಮೊಟ್ಟೆ ಒಳಗಿರೋರ್ಗೂ ಟಿಕೆಟ್ ಅರೀಬೇಕಾ ಎಂಗೆ?" ಎಂದ. ಇಡೀ ಬಸ್ಸು ನಕ್ಕಿತು. ಅಜ್ಞಾನಿಗಳು ಎಂದುಕೊಂಡು ನಾನು ಕಿಟಕಿಯತ್ತ ಮುಖ ತಿರುಗಿಸಿದೆ.

ಈಗ ನಮ್ಮ ಮನೆಯ ಹೆಪ್ಪಿನ ವಿಚಾರ ಹೇಳಬೇಕು. ಮಂಜುಳಳ ತಾಯಿ, ಅಂದರೆ ನನ್ನ ಅತ್ತೆ, ಮೊಸರಿಗೆ ಹೆಸರಾದವರು. ಅವರ ಮೊಸರನ್ನು ಪಂಚೆಯ ಚುಂಗಿನಲ್ಲಿ ಗಂಟು ಕಟ್ಟಿಕೊಂಡು ಹೊಲಕ್ಕೆ ಹೋಗಬಹುದಿತ್ತು, ಅಷ್ಟು ಗಟ್ಟಿ. ಮಗಳನ್ನು ನನಗೆ ಕೊಟ್ಟು ಕಳಿಸುವಾಗ ಒಂದು ಪುಟ್ಟ ಮಡಕೆಯಲ್ಲಿ ಹೆಪ್ಪನ್ನೂ ಕೊಟ್ಟು ಕಳಿಸಿದರು. ಅತ್ತೆ ತೀರಿಕೊಂಡಾಗ ಆ ಸಾವಿನ ಗಲಾಟೆಯಲ್ಲಿ ತವರಿನವರು ಹಾಲಿಗೆ ಹೆಪ್ಪು ಹಾಕುವುದನ್ನೇ ಮರೆತರು. ಅಲ್ಲಿಗೆ ಆ ಮನೆಯ ಹೆಪ್ಪು ಮುಗಿಯಿತು. ಉಳಿದದ್ದು ನಮ್ಮ ಮನೆಯ ಮಡಕೆಯೊಳಗಿನದು. ಅದನ್ನು ಮಂಜುಳ ಒಂದು ದಿನವೂ ತಪ್ಪಿಸದೆ, ಹಾಲಿಂದ ಹಾಲಿಗೆ ದಾಟಿಸುತ್ತ ಬಂದಿದ್ದಳು. ಮಹಾಲಯ ಅಮಾವಾಸ್ಯೆಗೆ ತೆರಕಣಾಂಬಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಅತ್ತೆಯ ಎಲೆಗೆ ಮೊಸರು ನಮ್ಮ ಮನೆಯಿಂದಲೇ ಹೋಗಬೇಕು. ಅವರ ಹೆಪ್ಪಿನ ಮೊಸರು ಅವರಿಗೆ. ಅದನ್ನು ಎಲೆಗೆ ಬಡಿಸುವಾಗ ಮಂಜುಳಳ ಅಣ್ಣ ಶಿವಮಲ್ಲಪ್ಪ, ಮೀಸೆ ಹೊತ್ತ ಗಂಡಸು, ಕಣ್ಣೊರೆಸಿಕೊಳ್ಳುತ್ತಾನೆ.

ಅಮಾವಾಸ್ಯೆ ಶನಿವಾರ ಬಂದಿತ್ತು. ಗುರುವಾರ ಮಂಜುಳ ಸಂತೆಮರಹಳ್ಳಿಯ ನೆಂಟರ ಮನೆಗೆ ಹೆಸರಿಡುವ ಶಾಸ್ತ್ರಕ್ಕೆ ಹೊರಟಳು.

"ರಾತ್ರಿ ಆಲು ಕಾಯ್ಸಿ, ಬೆಚ್ಚಗಾದ್ಮೇಲೆ ಒಂದು ಚಮ್ಚ ಎಪ್ಪಾಕಿ ಮುಚ್ಚಿಡಿ. ಅಷ್ಟೇಯ. ಬೇರೆ ಏನೂ ಮಾಡಕ್ಕೋಗ್ಬೇಡಿ."

"ಏನು, ನನಗೆ ಹೆಪ್ಪು ಹಾಕೋಕೆ ಬರಲ್ವಾ?"

"ಬರ್ತದೆ. ಬೇರೆದೂ ಬರ್ತದಲ್ಲ, ಅದ್ಕೇ ಎದ್ರಿಕೆ."

ಆಕೆಯ ಹೆದರಿಕೆ ನನ್ನ ಸ್ವಾಭಿಮಾನವನ್ನು ಕೆಣಕಿತು. ಹಾಲು ಕಾಯಿಸಿ ಆರಲು ಬಿಟ್ಟು ಯೋಚಿಸತೊಡಗಿದೆ. ಕ್ಯಾಪ್ಸೂಲಿನಲ್ಲಿರುವುದು ಒಳ್ಳೆಯ ಬ್ಯಾಕ್ಟೀರಿಯಾ. ಹೆಪ್ಪಿನಲ್ಲಿರುವುದೂ ಒಳ್ಳೆಯ ಬ್ಯಾಕ್ಟೀರಿಯಾ. ಎರಡನ್ನೂ ಒಂದೇ ಮಡಕೆಗೆ ಹಾಕಿದರೆ? ಕ್ಯಾಪ್ಸೂಲು ಕೊಳ್ಳುವ ಗೋಜೇ ಇಲ್ಲ, ಮಡಕೆಯೊಳಗೇ ಬೆಳೆದುಕೊಳ್ಳುತ್ತವೆ. ಅಮಾವಾಸ್ಯೆಗೆ ಇಡೀ ತೆರಕಣಾಂಬಿಯ ಕರುಳು ಉದ್ಧಾರ! ಇಂಥ ಸರಳ ಸತ್ಯ ಇಷ್ಟು ಕಾಲ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಜಗತ್ತಿನ ಬಗ್ಗೆ ಕನಿಕರವಾಯಿತು.

ಉಳಿದಿದ್ದ ಕ್ಯಾಪ್ಸೂಲುಗಳನ್ನೆಲ್ಲ ಬಿಡಿಸಿ ಪುಡಿಯನ್ನು ಹಾಲಿಗೆ ಸುರಿದೆ. ಹೊಸಬರು ಹೆಚ್ಚಾದರೆ ಹಳಬರಿಗೆ ಅನ್ಯಾಯವಾದೀತೆಂದು ಒಂದು ಚಮಚದ ಬದಲು, ಮಂಜುಳ ಹೆಪ್ಪು ಎತ್ತಿಟ್ಟಿದ್ದ ಬಟ್ಟಲನ್ನೇ ಕೆರೆದು ಹಾಕಿದೆ. ಬಟ್ಟಲು ತೊಳೆದೂ ಇಟ್ಟೆ. ಅವಕ್ಕೆ ತಿನ್ನಲು ನಾರಿನಂಶ ಬೇಕೆಂದು ವೀಡಿಯೊದಲ್ಲಿ ಹೇಳಿದ್ದು ನೆನಪಾಯಿತು. ಒಂದು ಹಿಡಿ ರಾಗಿ ಹಿಟ್ಟು ಹಾಕಿದೆ. ಬರೀ ಹಿಟ್ಟು ಗಂಟಲಲ್ಲಿ ಇಳಿಯುತ್ತದೆಯೇ? ಬೆಲ್ಲ ಹಾಕಿದೆ. ಬೆಲ್ಲ ಹಾಕಿದ ಮೇಲೆ ಒಂದು ಪುಟ್ಟಬಾಳೆ ಕಿವುಚಿದರೆ ತಪ್ಪೇನು? ಕಿವುಚಿದೆ! ಚಳಿಯಾಗದಿರಲೆಂದು ಮಡಕೆಗೆ ನನ್ನ ಸ್ವೆಟರ್ ತೊಡಿಸಿ, ಟಿವಿಯ ಪಕ್ಕದಲ್ಲಿ ಸದಾ ಬಿಸಿಯಾಗಿರುವ ಸೆಟ್‌ಟಾಪ್ ಬಾಕ್ಸಿನ ಮೇಲೆ ಕೂರಿಸಿ, ಜವಾಬ್ದಾರಿ ಮುಗಿಸಿದ ಹೆಮ್ಮೆಯಿಂದ ಮಲಗಿದೆ.

ಬೆಳಿಗ್ಗೆ ಎದ್ದು ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ಮಡಕೆಯ ಮುಚ್ಚಳ ತಾನಾಗಿ ಎದ್ದಿತ್ತು! ಸ್ವೆಟರಿನ ಕತ್ತಿನಿಂದ ನೊರೆ ಇಳಿದು ಒಂದು ತೋಳನ್ನು ತುಂಬಿಕೊಂಡು ಟಿವಿಯ ಕಡೆ ಹೊರಟಿತ್ತು. ಗುಳುಗುಳು ಎಂದು ಸದ್ದು ಬೇರೆ. ಧೈರ್ಯ ಮಾಡಿ ಚಮಚ ಅದ್ದಿ ಮೇಲೆತ್ತಿದೆ. ಚಮಚದ ಜೊತೆ ಮೊಸರೂ ಎದ್ದು ಬಂತು. ಕೈ ಮೇಲೆ ಹೋದಷ್ಟೂ ಬಂತು. ಕುರ್ಚಿ ಹತ್ತಿದೆ, ಅಲ್ಲಿಗೂ ಬಂತು! ಹಗ್ಗದ ಹಾಗೆ ಲೋಳೆ ಲೋಳೆಯಾಗಿ, ಕಂದು ಬಣ್ಣಕ್ಕೆ, ಹೆಂಡದಂಗಡಿಯ ವಾಸನೆಯೊಂದಿಗೆ. ಅಯ್ಯೋ ಶಿವನೇ! ಬ್ಯಾಕ್ಟೀರಿಯಾ ಬೆಳೆದಿದ್ದವು, ಅದರಲ್ಲಿ ಸಂಶಯವಿರಲಿಲ್ಲ. ಯಾವ ಊರಿನವು ಎಂಬುದಷ್ಟೇ ಗೊತ್ತಾಗಲಿಲ್ಲ.

ಆಗ ನೆನಪಾಯಿತು, ಹೆಪ್ಪಿನ ಬಟ್ಟಲು ತೊಳೆದಿಟ್ಟಿದ್ದು. ಸತ್ತ ಅತ್ತೆಯ ಕೈಯಿಂದ ಬಂದದ್ದು, ಹೆಂಡತಿ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದೇ ರಾತ್ರಿಗೆ ನನ್ನ ಕೈಯಲ್ಲಿ ಮುಗಿದುಹೋಗಿತ್ತು. ಅಳು ಬರುವ ಹಾಗಾಯಿತು. ಆದರೆ ಅಳಲು ಪುರುಸೊತ್ತಿರಲಿಲ್ಲ, ಮಂಜುಳಳ ಬಸ್ಸು ಆಗಲೇ ಹೊರಟಿರುತ್ತದೆ! ಮಡಕೆಯಲ್ಲಿದ್ದುದನ್ನು ಹಿತ್ತಲಿಗೆ ಚೆಲ್ಲಿದೆ. ಬೀದಿಯ ನಾಯಿ ಓಡಿ ಬಂದು ಮೂಸಿತು, ತಲೆಯೆತ್ತಿ ನನ್ನ ಮುಖ ನೋಡಿತು, ಬಂದ ದಾರಿಯಲ್ಲೇ ಹೊರಟುಹೋಯಿತು. ನಾನು ಅಂಗಡಿಗೆ ಓಡಿ ಪ್ಯಾಕೆಟ್ ಮೊಸರು ತಂದು, ಮಡಕೆ ತೊಳೆದು ಸುರಿದು, ಮೇಲೆ ನುಣ್ಣಗೆ ಸವರಿ, ಮುಚ್ಚಳ ಮುಚ್ಚಿದೆ.

ಮಂಜುಳ ಬಂದವಳೇ ಬ್ಯಾಗು ಕೆಳಗಿಡುವ ಮೊದಲು ಅಡುಗೆಮನೆಗೆ ಹೋದಳು. ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಬಟ್ಟಲೊಂದನ್ನು ಎತ್ತಿಕೊಂಡ ಸದ್ದು. ನಾನು ನಡುಮನೆಯಲ್ಲಿ ದಿನಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ.

"ಮೊಸರು ಚೆನ್ನಾಗಾಗಿದೆಯಾ?" ಎಂದೆ, ಸ್ವರ ಸಣ್ಣಗೆ ಬಂತು.

"ಆಗ್ಯದೆ ಬುಡಿ," ಎಂದಳು. ಅಷ್ಟೇ! ನಾನು ಬದುಕಿದೆ.

ಬದುಕಿದೆ ನಿಜ, ಆದರೆ ಸಂಜೆಯ ಹೊತ್ತಿಗೆ ಮನಸ್ಸು ಚುಚ್ಚತೊಡಗಿತು. ನಾಳೆ ಅತ್ತೆಯ ಎಲೆಗೆ ಪ್ಯಾಕೆಟ್ ಮೊಸರು! ಶಿವಮಲ್ಲಪ್ಪ ಅದನ್ನು ನೋಡಿ ಕಣ್ಣೊರೆಸಿಕೊಳ್ಳುವುದು! ಥೂ ನನ್ನ ಜನ್ಮಕ್ಕೆ. ಆಗ ಪಕ್ಕದ ಮನೆಯ ಕಮಲಮ್ಮ ಆಗಾಗ ನಮ್ಮ ಮನೆಯಿಂದಲೇ ಹೆಪ್ಪು ಒಯ್ಯುತ್ತಿದ್ದುದು ಹೊಳೆಯಿತು. ಮಂಜುಳ ದೇವರ ಮುಂದೆ ದೀಪ ಹಚ್ಚುತ್ತಿರುವುದನ್ನು ನೋಡಿ, ಲೋಟವೊಂದನ್ನು ಶರ್ಟಿನೊಳಗೆ ಬಚ್ಚಿಟ್ಟುಕೊಂಡು ಕಮಲಮ್ಮನ ಬಾಗಿಲು ತಟ್ಟಿದೆ.

"ಕಮಲಮ್ಮಾ, ಒಂದು ಚಮಚ ಹೆಪ್ಪು ಕೊಡ್ತೀರಾ? ಗುಟ್ಟಾಗಿ."

ಕಮಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಏನಂದ್ರಿ? ಸುಕ್ರಾರ! ದೀಪ ಅಚ್ಚೋ ಒತ್ತು! ಇಂತಾ ಒತ್ನಲ್ಲಿ ಯಾರಾದ್ರೂ ಎಪ್ ಕೊಟ್ಟಾರಾ? ಮನೆ ಲಕ್ಸ್ಮಿನೇ ಲೋಟುಕ್ಕಾಕ್ಕೊಡಿ ಅಂದಂಗಾಯ್ತಲ್ಲ ಮೇಷ್ಟ್ರೇ!"

"ನಾನು ಮೇಷ್ಟ್ರಲ್ಲ ಕಮಲಮ್ಮ."

"ಬಸ್ನಲ್ಲಿ ಪಾಟ ಮಾಡ್ತೀರಂತಲ್ಲ, ಅದ್ಕಂದೆ. ಓಗಿ ಓಗಿ, ಗಂಡಸ್ರು ಎಪ್ ಕೇಳ್ಕಂಡ್ ಬರದಾ!"

ಬಾಗಿಲು ಮುಚ್ಚಿತು. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿದಂತಾಯಿತು. ವಿಜ್ಞಾನಕ್ಕೂ ಶುಕ್ರವಾರಕ್ಕೂ ಏನು ಸಂಬಂಧ ಎಂದು ಮುಚ್ಚಿದ ಬಾಗಿಲಿಗೆ ಎರಡು ಮಾತು ಹೇಳಿ, ಖಾಲಿ ಲೋಟದೊಂದಿಗೆ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ತೆರಕಣಾಂಬಿಗೆ ಹೊರಟೆವು. ಮೊಸರಿನ ಮಡಕೆ ನನ್ನ ತೊಡೆಯ ಮೇಲೆ. ಮಂಜುಳಳ ಮಡಿಲಲ್ಲಿ ಬಟ್ಟೆ ಮುಚ್ಚಿದ ಒಂದು ಬುಟ್ಟಿ. ಏನೆಂದು ಕೇಳಿದೆ. "ವಡೆ," ಎಂದಳು. ದಾರಿಯುದ್ದಕ್ಕೂ ಆಕೆ ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಳು. ತಾಯಿಯ ನೆನಪಾಗಿರಬೇಕು ಎಂದುಕೊಂಡೆ. ನನಗಂತೂ ಪ್ರತಿ ಉಬ್ಬಿಗೂ ಮಡಕೆ ಕುಲುಕಿದಾಗ ಒಳಗಿಂದ ಅತ್ತೆಯೇ ತಟ್ಟಿದಂತಾಗುತ್ತಿತ್ತು.

ಎಡೆ ಇಡುವಾಗ ನಾನು ಒಳಗೆ ಹೋಗಲಿಲ್ಲ. ಧೈರ್ಯವಿರಲಿಲ್ಲ. ಜಗಲಿಯಲ್ಲಿ ಕೂತು ಯಾರೋ ದೂರದ ನೆಂಟನಿಗೆ ಕರುಳಿನ ಬಗ್ಗೆ ಹೇಳುತ್ತ ಹೊತ್ತು ಕಳೆದೆ. ಪೂಜೆ ಮುಗಿದು ಊಟಕ್ಕೆ ಎಲೆ ಹಾಕಿದರು. ಮಂಜುಳಳೇ ಕೊನೆಗೆ ಮೊಸರು ಬಡಿಸುತ್ತ ಬಂದಳು. ಪಾತ್ರೆ ಹಿಡಿದು ಸಾಲಿನ ಕೊನೆಯವರೆಗೂ ಹೋದವಳು ಒಳಗೆ ಹೋಗಿ ಬಂದು ನನ್ನ ಎಲೆಗೂ ಬಡಿಸಿದಳು. ನಾನು ಶಿವಮಲ್ಲಪ್ಪನನ್ನೇ ನೋಡುತ್ತಿದ್ದೆ.

ಆತ ಒಂದು ತುತ್ತು ತಿಂದ. ನಿಲ್ಲಿಸಿದ. ಆಮೇಲೆ ಆತ ಎಡಗೈಯಿಂದ ಕಣ್ಣೊರೆಸಿಕೊಂಡ.

"ಅವ್ವನ್ ಮೊಸರೇ ಕಣಮ್ಮಿ. ಕೈರುಚಿ ಅವ್ಳದೇ ಅಂಗದೆ."

"ಊ ಕಣಣ್ಣ," ಎಂದಳು ಮಂಜುಳ.

ನಾನು ಬೆಪ್ಪಾದೆ! ಪ್ಯಾಕೆಟ್ ಮೊಸರು! ಅಂಗಡಿಯಿಂದ ತಂದು ಕತ್ತರಿಯಿಂದ ಮೂಲೆ ಕತ್ತರಿಸಿ ಸುರಿದದ್ದು! ಅದಕ್ಕೆ ಕಣ್ಣೀರು! ಒಬ್ಬ ಮುದುಕಿ, "ಈ ರುಚಿ ಇನ್ನೆಲ್ಲದಪ್ಪಾ, ತೆರಕಣಾಂಬಿಲೇ ಇಲ್ಲ," ಎಂದಳು. ಇನ್ನೊಬ್ಬ ಎರಡನೇ ಸಲ ಹಾಕಿಸಿಕೊಂಡ. ಮೊದಲು ಬಂದದ್ದು ನಿರಾಳ. ಅದರ ಬೆನ್ನಿಗೇ ಬಂದದ್ದು ಅಹಂಕಾರ. ಇಷ್ಟು ದೊಡ್ಡ ವೈಜ್ಞಾನಿಕ ಸತ್ಯ ಕಣ್ಣೆದುರು ಸಾಬೀತಾಗಿದೆ, ತಿಳಿದವನು ನಾನೊಬ್ಬನೇ. ಸುಮ್ಮನಿದ್ದರೆ ನಾನು ಕ್ಷೇಮ. ಸುಮ್ಮನಿರುವುದಾದರೆ ನಾನು ನಾನೇ ಅಲ್ಲ! ಎಂಜಲು ಕೈಯಲ್ಲೇ ಎದ್ದು ನಿಂತೆ.

"ಬಂಧುಗಳೇ, ತಾವೆಲ್ಲರೂ ಈಗ ಸೇವಿಸಿದ್ದು ಅತ್ತೆಯವರ ಹೆಪ್ಪಿನ ಮೊಸರಲ್ಲ ಎಂದು ತಿಳಿಸಲು ಸಂತೋಷಪಡುತ್ತೇನೆ. ಅದು ಪ್ಯಾಕೆಟ್ ಮೊಸರು. ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ ಮನೆತನವಿಲ್ಲ, ಊರಿಲ್ಲ. ರುಚಿಯೆಂಬುದು ನಮ್ಮ ಮನಸ್ಸಿನ ಭ್ರಮೆ ಎಂಬುದು ಇದರಿಂದ ಸಿದ್ಧವಾಗುತ್ತದೆ."

ಚಪ್ಪಾಳೆ ಬರಲಿಲ್ಲ. ಒಂದು ಕೈ ಬಾಯಿಗೂ ಎಲೆಗೂ ನಡುವೆ ನಿಂತಿತು. ಶಿವಮಲ್ಲಪ್ಪ ನಿಧಾನವಾಗಿ ತಲೆಯೆತ್ತಿದ.

"ಅಂಗಂದ್ರೆ? ಅವ್ವನ್ ಎಪ್ಪೆಲ್ಲಿ ಭಾವ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಕ್ಯಾಪ್ಸೂಲು, ರಾಗಿ ಹಿಟ್ಟು, ಬೆಲ್ಲ, ಬಾಳೆಹಣ್ಣು, ಸ್ವೆಟರು. ಒಂದೊಂದು ಹೆಸರಿಗೂ ಆತನ ಮುಖ ಕೆಂಪಾಗುತ್ತ ಹೋಯಿತು. ಮುದುಕಿ, "ಅಯ್ಯಯ್ಯೋ, ಸತ್ತೋಳ್ನ ಇನ್ನೊಂದ್ಸಲ ಸಾಯ್ಸ್‌ಬುಟ್ನಲ್ಲಾ!" ಎಂದು ಹಣೆ ಚಚ್ಚಿಕೊಂಡಳು. ಆಗ ನನಗೆ ನಿಜವಾಗಿ ಭಯವಾಯಿತು. ಭಯದಲ್ಲಿ ನನಗೆ ವಿಜ್ಞಾನ ಇನ್ನೂ ಹೆಚ್ಚಾಗಿ ಹೊಳೆಯುತ್ತದೆ.

"ಗಾಬರಿ ಬೇಡ ಭಾವ! ಅತ್ತೆಯ ಹೆಪ್ಪು ಎಲ್ಲೂ ಹೋಗಿಲ್ಲ. ಇಷ್ಟು ವರ್ಷ ಅದೇ ಮೊಸರು ತಿಂದಿದ್ದೇನೆ. ಅವರ ಬ್ಯಾಕ್ಟೀರಿಯಾ ಎಲ್ಲಾ ನನ್ನ ಕರುಳಲ್ಲಿ ಸುರಕ್ಷಿತವಾಗಿವೆ!"

ಶಿವಮಲ್ಲಪ್ಪ ನನ್ನ ಹೊಟ್ಟೆಯನ್ನು ನೋಡಿದ. ಎಲ್ಲರೂ ನೋಡಿದರು.

"ಸರಿ. ಈಚೆಗೆ ಎಂಗ್ ತಗಿಯದು?" ಎಂದ.

ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎಲೆ ಮಡಿಚಿದರು. ಎರಡನೇ ಸಲ ಹಾಕಿಸಿಕೊಂಡಿದ್ದವನು ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ. ಶಿವಮಲ್ಲಪ್ಪ ತೋಳೇರಿಸಿಕೊಂಡು ಏಳುತ್ತಿದ್ದ, ಅಷ್ಟರಲ್ಲಿ ಮಂಜುಳ ಪಾತ್ರೆಯನ್ನು ಟಪ್ಪನೆ ನೆಲಕ್ಕಿಟ್ಟಳು.

"ಕೂತ್ಕಳಣ್ಣ. ನೀನ್ ತಿಂದಿದ್ದು ಅವ್ವನ್ ಮೊಸರೇಯ. ಎಲೆಗಿಟ್ಟಿದ್ದೂ ಅದೇಯ. ಪ್ಯಾಕೆಟ್ ಮೊಸರು ಇವರೊಬ್ರ ಎಲೇಲಿ ಮಾತ್ರ ಅದೆ."

ನಾನು ಬಗ್ಗಿ ನನ್ನ ಎಲೆಯನ್ನು ನೋಡಿದೆ.

"ನೆನ್ನೆ ಮುಚ್ಚಳ ತಗ್ದೇಟ್ಗೇ ಗೊತ್ತಾಯ್ತು. ಅವ್ವನ್ ಮೊಸರ್ನ ವಾಸ್ನೆ ಗೊತ್ತಾಗಲ್ವಾ ನಂಗೆ? ಎಪ್ಪಿನ ಬಟ್ಲು ತೊಳ್ದು ಒಣಗಾಕಿತ್ತು. ಅವ್ವ ಓದಾಗ ಅತ್ತಿದ್ದೆ, ನೆನ್ನೆ ಆ ಬಟ್ಲು ಇಡ್ಕಂಡು ಇನ್ನೊಂದ್ಸಲ ಅತ್ತೆ. ಇವರು ಒರಗೆ ಪೇಪರ್ ಓದ್ತಾ ಇದ್ರು." ಆಕೆ ಅಣ್ಣನ ಕಡೆ ತಿರುಗಿದಳು. "ಸುಕ್ರಾರ ಕಮಲಮ್ಮ ಎಪ್ ಕೊಡಲ್ಲ. ಅದ್ಕೇ ಮದ್ಯಾನ್ವೇ ಕಾಯ್ಸಿದ್ ಆಲ್ನ ಅವ್ರ್ ಮನೆಗೇ ತಗಂಡೋದೆ. ಎಪ್ಪು ಒಸ್ಲು ದಾಟ್ನಿಲ್ಲ. ಅವ್ರಮನೇಲೇ ಆಕ್ಸಿ, ಅಲ್ಲೇ ಮೊಸರಾಗಕ್ಬುಟ್ಟು, ಬೆಳಿಗ್ಗೆ ತಗಬಂದೆ."

ಕಮಲಮ್ಮನ ಕಿಸಕ್ ನಗುವಿನ ಅರ್ಥ ನನಗೆ ಆಗ ತಿಳಿಯಿತು. ಬುಟ್ಟಿಯಲ್ಲಿದ್ದದ್ದು ವಡೆಯಲ್ಲ ಎಂಬುದೂ ತಿಳಿಯಿತು.

"ಮತ್ತೆ... ನನಗೆ ಯಾಕೆ ಹೇಳಲಿಲ್ಲ?" ಎಂದು ತೊದಲಿದೆ.

ಮಂಜುಳ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಅಣ್ಣದೀರ್ ಮುಂದೆ ನಿಮ್ ಮರ್ವಾದಿ ಓಗ್ಬಾರ್ದು ಅಂತ ಸುಮ್ಕಿದ್ದೆ. ಮನೇಗೋದ್ಮೇಲೆ ಬಯ್ಯನ ಅನ್ಕಂಡಿದ್ದೆ. ಅದ್ನ ನೀವೇ ಎದ್ ನಿಂತ್ಕಂಡು ಬಾಸಣ ಮಾಡಿ ಕಳ್ಕಂಡ್ರಲ್ಲ!"

ಮೊದಲು ಮುದುಕಿ ನಕ್ಕಳು. ಶಿವಮಲ್ಲಪ್ಪ ಮೀಸೆಯಡಿಯಲ್ಲಿ ತಡೆದುಕೊಳ್ಳಲು ನೋಡಿ, ಆಗದೆ, ಗೋಡೆಗೆ ಒರಗಿ ನಕ್ಕ. ಹಿತ್ತಲಿಗೆ ಓಡಿದ್ದವನಿಗೆ ಯಾರೋ ಕೂಗಿ ಹೇಳಿದರು, ಅವನು ಅಲ್ಲಿಂದಲೇ ನಕ್ಕ. ಮಡಿಚಿದ್ದ ಎಲೆಗಳನ್ನು ಬಿಡಿಸಿ ಎಲ್ಲರೂ ಮತ್ತೆ ಮೊಸರು ಹಾಕಿಸಿಕೊಂಡರು. ನಾನೂ ಎಲೆ ಮುಂದೆ ಸರಿಸಿದೆ. ಮಂಜುಳ ನನ್ನ ಪಕ್ಕಕ್ಕೆ ಪ್ಯಾಕೆಟ್ ಮೊಸರಿನ ಮಡಕೆಯನ್ನು ತಂದಿಟ್ಟು, "ಇದು ಪೂರ್ತಿ ನಿಮ್ದೇಯ," ಎಂದು ಮುಂದೆ ಹೋದಳು.

ಹೊರಡುವಾಗ ಶಿವಮಲ್ಲಪ್ಪ ತನ್ನ ಹೆಂಡತಿಯನ್ನು ಕರೆದು, "ಅವ್ವನ್ ಎಪ್ಪು ಒಂದೇ ಮನೇಲಿರದು ಬ್ಯಾಡ. ಇವತ್ತೇ ಆಕ್ಕ. ಆ ಮನೇಲಿ ವಿಗ್ನಾನಿ ಅವ್ನೆ," ಎಂದ. ದೀಪ ಹಚ್ಚುವ ಮೊದಲೇ ತವರಿನ ಹಾಲಿಗೆ ಅತ್ತೆಯ ಹೆಪ್ಪು ಬಿತ್ತು. ಅದನ್ನು ಮುಚ್ಚಿಡುವಾಗ ಅಣ್ಣತಂಗಿ ಇಬ್ಬರೂ ಮಡಕೆಯ ಹತ್ತಿರ ಸುಮ್ಮನೆ ನಿಂತಿದ್ದರು. ನಾನು ಹತ್ತಿರ ಹೋದೆ. ಇಬ್ಬರೂ ಒಟ್ಟಿಗೆ ಕೈ ಅಡ್ಡ ಹಿಡಿದರು.

ಬಸ್ಸಿನಲ್ಲಿ ಮಂಜುಳ ನನ್ನ ಪಕ್ಕ ಕೂರದೆ ಮುಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರನಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಯಾರೂ ನನ್ನ ಕಡೆ ಇರಲಿಲ್ಲ. ಆಗ ಡಾಕ್ಟರ ಮಾತು ನೆನೆದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಇರಲಿ, ಒಳಗಾದರೂ ನನ್ನ ಪರವಾಗಿ ಕೋಟ್ಯಂತರ ಜನ ಇದ್ದಾರಲ್ಲ! ಸ್ವಲ್ಪ ಸಮಾಧಾನವಾಯಿತು. ಸಮಾಧಾನ ಮುಂದಿನ ನಿಲ್ದಾಣದವರೆಗೂ ಉಳಿಯಲಿಲ್ಲ. ಮದುವೆಯಾದಂದಿನಿಂದ ನಾನು ತಿಂದದ್ದು ಆ ಮಡಕೆಯ ಮೊಸರನ್ನೇ. ಒಳಗಿರುವವರೂ ತೆರಕಣಾಂಬಿಯವರೇ. ಅವರೂ ಆಕೆಯ ಕಡೆಯೇ!